ಕಾಲೇಜು ಆಟ, ಟಿವಿ ದುಡ್ಡು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಐಪಿಎಲ್ ಪ್ರಸಾರ ಹಕ್ಕಿನ ಬಗ್ಗೆ ಬರೆದಿದ್ದೆ. ಅಮೆರಿಕದಲ್ಲಿ ಕಾಲೇಜು ಹುಡುಗರ ಆಟಕ್ಕೇ ಹೆಚ್ಚುಕಮ್ಮಿ ಅಷ್ಟು ದುಡ್ಡು ಸುರಿಯುತ್ತಾರೆ, ಆ ದುಡ್ಡಿಗಾಗಿ ಕಾಲೇಜುಗಳು ಒಂದು ಕೂಟ ಬಿಟ್ಟು ಇನ್ನೊಂದಕ್ಕೆ ಹಾರುತ್ತವೆ ಅಂತ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೆ ಅಷ್ಟೇ. ಐಪಿಎಲ್ ಬಿಟ್ಟು ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ! ಮೈಸೂರು, ಮಂಡ್ಯದಿಂದಲೇ ಜಾಸ್ತಿ ಪತ್ರ ಬಂದಿವೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಈಗ ಬೀದಿಗೊಬ್ಬರ ಮಗನೋ ಮಗಳೋ ಅಲ್ಲಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ.

ಪ್ರಶ್ನೆ: ನನ್ನ ಮಗ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಿದ್ದಾನೆ. ಸೇರಿದಾಗ ‘ನಮ್ಮದು ಪ್ಯಾಕ್-12’ ಅಂತಿದ್ದ. ಈಗ ಫೋನ್ ಮಾಡಿದ್ರೆ ‘ಬಿಗ್ 12’ ಅಂತಾನೆ. ಯೂನಿವರ್ಸಿಟೀನ ಯಾರಿಗಾದ್ರೂ ಮಾರಿಬಿಟ್ರಾ? ಡಿಗ್ರಿಗೆ ಏನೂ ತೊಂದರೆ ಇಲ್ಲ ತಾನೇ?
– ಒಬ್ಬ ತಾಯಿ, ಸರಸ್ವತೀಪುರಂ, ಮೈಸೂರು

ಉತ್ತರ: ಏನೂ ತೊಂದರೆ ಇಲ್ಲ ಅಮ್ಮ, ನೆಮ್ಮದಿಯಾಗಿರಿ. ಯೂನಿವರ್ಸಿಟಿ ಅಲ್ಲೇ ಇದೆ, ಡಿಗ್ರಿಯೂ ಅದರದ್ದೇ. ಬದಲಾಗಿರುವುದು ಅದರ ಆಟದ ತಂಡಗಳು ಯಾರ ಜೊತೆ ಆಡುತ್ತವೆ ಅನ್ನುವುದು ಮಾತ್ರ. ಅಲ್ಲಿ ಹತ್ತು ಹದಿನೈದು ಯೂನಿವರ್ಸಿಟಿಗಳು ಸೇರಿ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಅದನ್ನೇ ಕಾನ್ಫರೆನ್ಸ್ ಅನ್ನುತ್ತಾರೆ. ವರ್ಷವಿಡೀ ಬಹುತೇಕ ಪಂದ್ಯ ಆ ಕೂಟದೊಳಗೆ, ಕೊನೆಯಲ್ಲಿ ಒಬ್ಬ ಚಾಂಪಿಯನ್. ಟಿವಿಗೆ ಪಂದ್ಯ ಮಾರುವುದೂ ಕೂಟವೇ. ಬಂದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುತ್ತಾರೆ.

ನಿಮ್ಮ ಮಗನ ಯೂನಿವರ್ಸಿಟಿ 2024ರಲ್ಲಿ ಪ್ಯಾಕ್-12 ಬಿಟ್ಟು ಬಿಗ್ 12ಕ್ಕೆ ಹೋಯಿತು. ಹೋದ ಮೊದಲ ವರ್ಷವೇ ಫುಟ್‌ಬಾಲ್‌ನಲ್ಲಿ ಬಿಗ್ 12 ಚಾಂಪಿಯನ್ ಆಗಿಬಿಟ್ಟಿತು. ಮಗ ಅಷ್ಟು ಉತ್ಸಾಹದಲ್ಲಿ ಹೇಳಿದ್ದು ಅದಕ್ಕೇ ಇರಬೇಕು. (ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆದುಕೊಳ್ಳುವ ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ. ಮುಂದೆಯೂ ಹಾಗೇ ಓದಿಕೊಳ್ಳಿ.)

ಪ್ರಶ್ನೆ: ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ನಮ್ಮ ಹುಡುಗರನ್ನು ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಕರೆದುಕೊಂಡು ಹೋಗಿದ್ದೇನೆ. ದಕ್ಷಿಣ ವಲಯ ಅಂದರೆ ದಕ್ಷಿಣ ವಲಯ, ಅದರಲ್ಲಿ ಯಾರ ಇಷ್ಟವೂ ನಡೆಯಲ್ಲ. ಅಮೆರಿಕದಲ್ಲಿ ವಲಯ ಗೊತ್ತು ಮಾಡುವವರು ಯಾರು? ಇಷ್ಟ ಬಂದ ಹಾಗೆ ಬದಲಾಯಿಸಲು ಬಿಡುತ್ತಾರಾ?
– ಒಬ್ಬ ಓದುಗರು, ಮಂಡ್ಯ

ಉತ್ತರ: ಸರ್, ಇಡೀ ಕಥೆಯ ಬೇರು ನಿಮ್ಮ ಪ್ರಶ್ನೆಯಲ್ಲೇ ಇದೆ. ನಮ್ಮಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ವಲಯ ಹಂಚುತ್ತದೆ. ಮೈಸೂರು ವಿವಿ ನಾಳೆ ‘ನಮಗೆ ದಕ್ಷಿಣ ಬೇಡ, ಪಶ್ಚಿಮ ವಲಯದಲ್ಲಿ ಆಡ್ತೀವಿ’ ಅಂದರೆ ನಕ್ಕು ಕಳಿಸುತ್ತಾರೆ. ಅಲ್ಲಿ ಹಾಗೆ ಹಂಚುವವರು ಯಾರೂ ಇಲ್ಲ. ಎನ್‌ಸಿಎಎ ಅಂತ ಒಂದು ರಾಷ್ಟ್ರೀಯ ಸಂಸ್ಥೆ ಇದೆ, ನಿಯಮ ಮಾಡುತ್ತದೆ, ರಾಷ್ಟ್ರಮಟ್ಟದ ಟೂರ್ನಿ ನಡೆಸುತ್ತದೆ. ಯಾರು ಯಾವ ಕೂಟದಲ್ಲಿರಬೇಕು ಅನ್ನುವುದು ಮಾತ್ರ ಅದರ ಕೈಯಲ್ಲಿಲ್ಲ. ಕರೆಯುವವರು ಕರೆಯುತ್ತಾರೆ, ಹೋಗುವವರು ಹೋಗುತ್ತಾರೆ.

ಮೊದಲು ಇದರಿಂದ ತೊಂದರೆ ಇರಲಿಲ್ಲ, ಯಾಕೆಂದರೆ ಕೂಟಗಳು ಹುಟ್ಟಿದ್ದೇ ಅಕ್ಕಪಕ್ಕದವರು ಸೇರಿ. ಬಿಗ್ ಟೆನ್ ಅನ್ನುವ ಇನ್ನೊಂದು ಕೂಟ ಶುರುವಾಗಿದ್ದು 1896ರಲ್ಲಿ, ಷಿಕಾಗೊ ಸುತ್ತಮುತ್ತಲಿನ ರಾಜ್ಯಗಳ ಯೂನಿವರ್ಸಿಟಿಗಳಿಂದ. ಪ್ಯಾಕ್-12ರ ಬೇರು 1915ರದ್ದು, ಎಲ್ಲಾ ಪೆಸಿಫಿಕ್ ಕರಾವಳಿಯವರು. ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಆಡಿ ಬರುವಷ್ಟು ದೂರ ಇರಬೇಕು ಅನ್ನುವುದೇ ಆಗ ಲೆಕ್ಕ.

ಕೆಟ್ಟಿದ್ದು, ಅಥವಾ ಬದಲಾಗಿದ್ದು ಅನ್ನಿ, 1984ರಲ್ಲಿ. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲ್ ಪಂದ್ಯಗಳನ್ನು ಟಿವಿಗೆ ಮಾರುವ ಅಧಿಕಾರ ಪೂರ್ತಿ ಎನ್‌ಸಿಎಎ ಕೈಯಲ್ಲಿತ್ತು. ಒಂದು ತಂಡ ಎರಡು ವರ್ಷದಲ್ಲಿ 6 ಸಲಕ್ಕಿಂತ ಹೆಚ್ಚು ಟಿವಿಯಲ್ಲಿ ಬರಬಾರದು ಅಂತ ಮಿತಿ ಹಾಕಿಟ್ಟಿತ್ತು. ಜಾಸ್ತಿ ಟಿವಿಯಲ್ಲಿ ಬಂದರೆ ಜನ ಮೈದಾನಕ್ಕೆ ಬರಲ್ಲ ಅನ್ನುವ ಭಯ. ಓಕ್ಲಹೋಮ ಮತ್ತು ಜಾರ್ಜಿಯ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು, ನಮ್ಮ ಪಂದ್ಯ ನಾವು ಮಾರಿಕೊಳ್ತೀವಿ, ನೀವ್ಯಾರು ತಡೆಯೋಕೆ ಅಂತ. ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಒಪ್ಪದ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಹಳೆಯ ಕಾಲೇಜು ಫುಟ್‌ಬಾಲ್ ಆಟಗಾರ. ಇದರಿಂದ ಕಾಲೇಜು ಆಟ ವ್ಯಾಪಾರವಾಗಿಬಿಡುತ್ತದೆ ಅನ್ನುವ ಆತಂಕ ಅವರ ಭಿನ್ನಮತದಲ್ಲಿದೆ. ನನ್ನ ಮಟ್ಟಿಗೆ ಸೋತ ಅವರೇ ಮುಂದಿನದನ್ನು ಸರಿಯಾಗಿ ನೋಡಿದ್ದರು.

ನಮಗೂ ಇಂಥದ್ದೇ ಒಂದು ತೀರ್ಪು ಇದೆ, ನೆನಪಿದೆಯಾ? 1993ರ ಹೀರೊ ಕಪ್ ಸಮಯದಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಗೂ ದೂರದರ್ಶನಕ್ಕೂ ಜಗಳ ಬಂತು, 1995ರಲ್ಲಿ ಸುಪ್ರೀಂ ಕೋರ್ಟ್ ‘ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ’ ಅಂದಿತು. ನಮ್ಮ ಕ್ರಿಕೆಟ್ ದುಡ್ಡಿನ ಬಾಗಿಲು ಅಲ್ಲಿಂದ ತೆರೆಯಿತು. ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಹಕ್ಕು ದೂರದರ್ಶನದ ಹಿಡಿತದಿಂದ ತಪ್ಪಿ ಒಂದೇ ಕಡೆ, ಅಂದರೆ ಕ್ರಿಕೆಟ್ ಮಂಡಳಿಯ ಹತ್ತಿರ ಸೇರಿಕೊಂಡಿತು. ಅಲ್ಲಿ ಒಂದೇ ಕಡೆ ಇದ್ದದ್ದು ಚೂರುಚೂರಾಗಿ ಯೂನಿವರ್ಸಿಟಿಗಳ ಕೈಗೆ ಹೋಯಿತು. ಒಬ್ಬೊಬ್ಬರೇ ಮಾರಿದರೆ ರೇಟು ಸಿಗಲ್ಲ, ಗುಂಪಾಗಿ ಮಾರಬೇಕು. ಆವತ್ತಿನಿಂದ ಕಾನ್ಫರೆನ್ಸ್ ಅನ್ನುವುದು ಆಡುವ ಕೂಟದ ಬದಲು ಮಾರುವ ಕೂಟವಾಯಿತು. ಒಳ್ಳೆ ರೇಟು ಸಿಗುವ ಗುಂಪು ಯಾವುದು ಅಂತ ಹುಡುಕಾಟವೂ ಶುರುವಾಯಿತು.

ಪ್ರಶ್ನೆ: ಐಪಿಎಲ್ ಜೊತೆ ಹೋಲಿಸಿದ್ದು ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ಕಾಲೇಜು ಹುಡುಗರ ಮ್ಯಾಚ್‌ಗೆ ಅಷ್ಟು ಯಾರು ಕೊಡ್ತಾರೆ? ಲೆಕ್ಕ ಕೊಡಿ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ತಗೊಳ್ಳಿ ಲೆಕ್ಕ. ಐಪಿಎಲ್‌ನ 2023ರಿಂದ 2027ರವರೆಗಿನ ಹಕ್ಕು ಹೋಗಿದ್ದು 48,390 ಕೋಟಿ ರೂಪಾಯಿಗೆ, ಅಂದರೆ ವರ್ಷಕ್ಕೆ ಸುಮಾರು 9,700 ಕೋಟಿ. ಈಗ ಬಿಗ್ ಟೆನ್ ನೋಡಿ. 2022ರ ಆಗಸ್ಟ್‌ನಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಅನ್ನುವ ಮೂರು ಟಿವಿ ಕಂಪನಿಗಳ ಜೊತೆ 7 ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ 700 ಕೋಟಿ ಡಾಲರಿಗೂ ಹೆಚ್ಚು ಅಂತ ವರದಿಯಾಯಿತು. ಡಾಲರಿಗೆ 85 ರೂಪಾಯಿ ಹಿಡಿದರೂ ವರ್ಷಕ್ಕೆ 8,500 ಕೋಟಿ ರೂಪಾಯಿ. ಇದು ಒಂದು ಕೂಟದ್ದು ಮಾತ್ರ, ಇಂಥ ದೊಡ್ಡ ಕೂಟಗಳು ನಾಲ್ಕಿವೆ: ಬಿಗ್ ಟೆನ್, ಬಿಗ್ 12, ದಕ್ಷಿಣದ ರಾಜ್ಯಗಳ ಎಸ್‌ಇಸಿ, ಅಟ್ಲಾಂಟಿಕ್ ಕರಾವಳಿಯ ಎಸಿಸಿ. ಬಿಗ್ 12 ಅದೇ ವರ್ಷ ಇಎಸ್‌ಪಿಎನ್, ಫಾಕ್ಸ್ ಜೊತೆ 6 ವರ್ಷಕ್ಕೆ ಸುಮಾರು 228 ಕೋಟಿ ಡಾಲರಿಗೆ ಕುದುರಿಸಿತು. ವರ್ಷದ ಕೊನೆಗೆ ನಡೆಯುವ ರಾಷ್ಟ್ರೀಯ ಪ್ಲೇಆಫ್‌ನ ಹಕ್ಕು ಬೇರೆ. ಅದನ್ನು 2031-32ರವರೆಗೆ ಇಎಸ್‌ಪಿಎನ್ 780 ಕೋಟಿ ಡಾಲರಿಗೆ ಇಟ್ಟುಕೊಂಡಿದೆ.

ಯಾರು ಕೊಡುತ್ತಾರೆ ಅಂದಿರಿ. ನೋಡುವವರಿದ್ದಾರೆ, ಅದಕ್ಕೇ ಕೊಡುತ್ತಾರೆ. ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ 1 ಲಕ್ಷ 7 ಸಾವಿರ ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯ ಎರಡು ಪಟ್ಟಿಗಿಂತ ಜಾಸ್ತಿ, ಅದೂ ಒಂದು ಕಾಲೇಜಿನ ಮೈದಾನ! ಶನಿವಾರ ಪೂರ್ತಿ ಅವರದ್ದೇ. ಇದರ ಹಿಂದೆ ಕಾನೂನೂ ಇದೆ. 1961ರಲ್ಲಿ ವೃತ್ತಿಪರ ಲೀಗುಗಳಿಗೆ ಒಟ್ಟಾಗಿ ಟಿವಿ ಹಕ್ಕು ಮಾರಲು ವಿನಾಯಿತಿ ಕೊಟ್ಟಾಗ, ಕಾಲೇಜು ಸೀಸನ್ನಿನ ಶನಿವಾರಗಳಲ್ಲಿ ಪಂದ್ಯ ತೋರಿಸಿದರೆ ಆ ವಿನಾಯಿತಿ ಸಿಗದ ಹಾಗೆ ಅಮೆರಿಕದ ಸಂಸತ್ತು ಕಟ್ಟಿಹಾಕಿತು. ಹಾಗಾಗಿ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಹೆಚ್ಚಾಗಿ ಭಾನುವಾರ, ಕಾಲೇಜು ಶನಿವಾರ. ಮೈದಾನ ಖಾಲಿ ಬಿಟ್ಟುಕೊಟ್ಟ ಹಾಗಾಯಿತು.

ಇನ್ನೊಂದು ವಿಷಯ, ಇದು ಗೊತ್ತಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. 2007ರಲ್ಲಿ ಬಿಗ್ ಟೆನ್ ತನ್ನದೇ ಟಿವಿ ಚಾನೆಲ್ ಶುರು ಮಾಡಿತು. ಕೇಬಲ್ ಕಾಲ ಅದು. ಚಾನೆಲ್ ಬೇಸಿಕ್ ಪ್ಯಾಕ್‌ನಲ್ಲಿದ್ದರೆ ನೀವು ನೋಡಲಿ ಬಿಡಲಿ ತಿಂಗಳ ಬಿಲ್ಲಿನಲ್ಲಿ ಅದರ ಪಾಲು ಕಟ್ಟಿರುತ್ತೀರಿ. ಕೂಟದ ಸದಸ್ಯ ಇರುವ ರಾಜ್ಯದಲ್ಲಿ ಮನೆಗೆ ಇಷ್ಟು ಅಂತ ರೇಟು ಜಾಸ್ತಿ, ಹೊರಗಿನ ರಾಜ್ಯದಲ್ಲಿ ಕಡಿಮೆ. ಈಗ ಯೋಚಿಸಿ, ನ್ಯೂಜೆರ್ಸಿಯ ರಟ್‌ಗರ್ಸ್ ಫುಟ್‌ಬಾಲ್‌ನಲ್ಲಿ ಅಂಥ ದೊಡ್ಡ ಹೆಸರೇನೂ ಅಲ್ಲ. ಆದರೂ 2014ರಲ್ಲಿ ಬಿಗ್ ಟೆನ್ ಅದನ್ನು ಕರೆದು ಕೂರಿಸಿತು. ಯಾಕೆ? ಪಕ್ಕದಲ್ಲಿ ನ್ಯೂಯಾರ್ಕ್ ಇದೆ, ಲಕ್ಷಗಟ್ಟಲೆ ಕೇಬಲ್ ಮನೆಗಳಿವೆ. ಮೇರಿಲ್ಯಾಂಡ್ ಬಂದಿದ್ದೂ ಅದೇ ವರ್ಷ, ವಾಷಿಂಗ್ಟನ್ ಡಿ.ಸಿ. ಲೆಕ್ಕದಲ್ಲಿ. ಸೇರಿಸಿಕೊಳ್ಳುವಾಗ ‘ವಿದ್ಯಾಭ್ಯಾಸದ ಗುಣಮಟ್ಟ’, ‘ಸಮಾನ ಮೌಲ್ಯಗಳು’ ಅಂತೆಲ್ಲ ಪತ್ರಿಕಾ ಹೇಳಿಕೆ ಬರುತ್ತದೆ. ಅದನ್ನು ಓದದಿದ್ದರೂ ನಷ್ಟವಿಲ್ಲ.

ಪ್ರಶ್ನೆ: ಪ್ಯಾಕ್-12ರಂಥ ನೂರು ವರ್ಷದ ಕೂಟ ಒಂದೇ ವಾರದಲ್ಲಿ ಮುರಿದುಬಿತ್ತು ಅಂತ ಆಫೀಸಿನಲ್ಲಿ ಅಮೆರಿಕದ ಸಹೋದ್ಯೋಗಿ ಹೇಳ್ತಿದ್ದರು. ಅಷ್ಟು ಬೇಗ ಹೇಗೆ ಸಾಧ್ಯ?
– ಸಾಫ್ಟ್‌ವೇರ್ ಉದ್ಯೋಗಿ, ಹೆಬ್ಬಾಳ, ಮೈಸೂರು

ಉತ್ತರ: ಬಿದ್ದಿದ್ದು ಒಂದು ವಾರದಲ್ಲಿ, ಗೆದ್ದಲು ಹತ್ತಿ ಹನ್ನೆರಡು ವರ್ಷ ಆಗಿತ್ತು. 2011ರಲ್ಲಿ ಪ್ಯಾಕ್-12 ಇಎಸ್‌ಪಿಎನ್, ಫಾಕ್ಸ್ ಜೊತೆ 12 ವರ್ಷಕ್ಕೆ 300 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಆಗ ಅದೇ ದೊಡ್ಡ ಸುದ್ದಿ, ಎಲ್ಲರೂ ಬೆನ್ನು ತಟ್ಟಿದರು. ಮರುವರ್ಷ ಸ್ವಂತ ಚಾನೆಲ್ಲೂ ತೆರೆಯಿತು. ಆದರೆ ಬಿಗ್ ಟೆನ್ ಫಾಕ್ಸ್ ಅನ್ನು, ಎಸ್‌ಇಸಿ ಇಎಸ್‌ಪಿಎನ್ ಅನ್ನು ಜೊತೆಗಿಟ್ಟುಕೊಂಡು ಚಾನೆಲ್ ನಡೆಸಿದರೆ, ಪ್ಯಾಕ್-12 ಪೂರ್ತಿ ತಾನೇ ನಡೆಸುತ್ತೇನೆ ಅಂತ ಹೊರಟಿತು. ದೊಡ್ಡ ಕಂಪನಿಯ ಬಲ ಇಲ್ಲದೆ ಕೇಬಲ್, ಡಿಟಿಎಚ್‌ನವರ ಜೊತೆ ಚೌಕಾಸಿ ಮಾಡುವುದು ಕಷ್ಟ. ಹಲವು ಮನೆಗಳಿಗೆ ಆ ಚಾನೆಲ್ ತಲುಪಲೇ ಇಲ್ಲ. ಉಳಿದವರ ಗಳಿಕೆ ಏರುತ್ತಾ ಹೋಯಿತು, ಇವರು ಹಿಂದೆ ಬಿದ್ದರು.

2021ರ ಜುಲೈಯಲ್ಲಿ ಟೆಕ್ಸಸ್, ಓಕ್ಲಹೋಮ ಎರಡೂ ಬಿಗ್ 12 ಬಿಟ್ಟು ಎಸ್‌ಇಸಿಗೆ ಹೋಗುತ್ತೇವೆ ಅಂದಾಗಲೇ ಎಲ್ಲರಿಗೂ ಎಚ್ಚರಿಕೆ ಗಂಟೆ ಹೊಡೆದಿತ್ತು. 2022ರ ಜೂನ್ 30ಕ್ಕೆ ಪೆಟ್ಟು ಬಿತ್ತು. ಲಾಸ್ ಏಂಜಲೀಸ್‌ನ ಎರಡೂ ದೊಡ್ಡ ಯೂನಿವರ್ಸಿಟಿಗಳು, ಯುಎಸ್‌ಸಿ ಮತ್ತು ಯುಸಿಎಲ್ಎ, 2024ಕ್ಕೆ ಬಿಗ್ ಟೆನ್ ಸೇರುತ್ತೇವೆ ಅಂದುಬಿಟ್ಟವು. ಅವರ ಲೆಕ್ಕ ಬಹಳ ಸರಳ. ಪ್ಯಾಕ್-12ರ ಟಿವಿ ಒಪ್ಪಂದ ಮುಗಿಯುವುದೇ 2024ಕ್ಕೆ. ಆಗ ಹೊರಟರೆ ಯಾರಿಗೂ ಏನೂ ಕಟ್ಟಿಕೊಡಬೇಕಾಗಿಲ್ಲ.

ಉಳಿದ ಹತ್ತು ಮಂದಿ ಹೊಸ ಒಪ್ಪಂದಕ್ಕೆ ಅಲೆಯತೊಡಗಿದರು. ಇಲ್ಲಿ ಬಿಗ್ 12 ಜಾಣತನ ಮಾಡಿತು. ತನ್ನ ಒಪ್ಪಂದ ಮುಗಿಯಲು ಇನ್ನೂ ಸಮಯ ಇತ್ತು, ಆದರೂ ಕಾಯದೆ 2022ರ ಅಕ್ಟೋಬರಿನಲ್ಲೇ ಇಎಸ್‌ಪಿಎನ್, ಫಾಕ್ಸ್ ಜೊತೆ ನವೀಕರಿಸಿಕೊಂಡಿತು. ಅಲ್ಲಿಗೆ ಆ ಎರಡೂ ಕಂಪನಿಗಳಿಗೆ ಬೇಕಾದಷ್ಟು ಪಂದ್ಯ ಸಿಕ್ಕಿತು, ಪ್ಯಾಕ್-12ರ ಬಾಗಿಲಲ್ಲಿ ಗಿರಾಕಿಯೇ ಇಲ್ಲ. ತಿಂಗಳುಗಟ್ಟಲೆ ‘ಇನ್ನೇನು ಆಯ್ತು’ ಅಂತಲೇ ಇದ್ದರು. 2023ರ ಜುಲೈ ಕೊನೆಗೆ ಕೊಲರಾಡೊ ಬೇಸತ್ತು ಬಿಗ್ 12ಕ್ಕೆ ವಾಪಸ್ ಹೋಯಿತು. ಆಗಸ್ಟ್ ಶುರುವಿನಲ್ಲಿ ಸದಸ್ಯರ ಮುಂದೆ ಬಂದಿದ್ದು ಆಪಲ್ ಕಂಪನಿಯ ಒಂದು ಪ್ರಸ್ತಾವ. ಟಿವಿ ಚಾನೆಲ್ ಅಲ್ಲ, ಆ್ಯಪ್‌ನಲ್ಲಿ ಸ್ಟ್ರೀಮಿಂಗ್. ಖಾತ್ರಿ ಮೊತ್ತ ಕಡಿಮೆ, ಚಂದಾದಾರರು ಹೆಚ್ಚಾದಷ್ಟೂ ದುಡ್ಡು ಹೆಚ್ಚು. ಖಾತ್ರಿ ದುಡ್ಡು ಬೇಕಾಗಿದ್ದವರಿಗೆ ಅದು ಒಗ್ಗಲಿಲ್ಲ. ಆಗಸ್ಟ್ 4ರಂದು ಒಂದೇ ದಿನ ಆರೆಗನ್, ವಾಷಿಂಗ್ಟನ್ ಎರಡೂ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಮೂರೂ ಬಿಗ್ 12ಕ್ಕೆ. ನಿಮ್ಮ ಸಹೋದ್ಯೋಗಿ ಹೇಳಿದ ‘ಒಂದು ವಾರ’ ಇದೇ.

ಮುಂದಿನದು ನಗು ತರಿಸುತ್ತದೆ. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿಯ ಕ್ಯಾಲ್ (ಕ್ಯಾಲಿಫೋರ್ನಿಯ ಯೂನಿವರ್ಸಿಟಿ) ಸೇರಿದ್ದು ಅಟ್ಲಾಂಟಿಕ್ ಕರಾವಳಿ ಕೂಟ ಎಸಿಸಿಗೆ! ಅದೂ ಪೂರ್ತಿ ಪಾಲಿಲ್ಲದೆ. ಅವರ ಜೊತೆ ಹೋದ ಡಲ್ಲಾಸ್‌ನ ಎಸ್‌ಎಂಯು ಅಂತೂ 9 ವರ್ಷ ಎಸಿಸಿಯ ಟಿವಿ ದುಡ್ಡಿನಲ್ಲಿ ಪಾಲೇ ಬೇಡ, ಸುಮ್ನೆ ಜಾಗ ಕೊಡಿ ಅಂದಿತು. ಶ್ರೀಮಂತ ಹಳೆ ವಿದ್ಯಾರ್ಥಿಗಳಿರುವ ಕಾಲೇಜು, ನಡೆಯುತ್ತದೆ.

ಕೊನೆಗೆ ಉಳಿದದ್ದು ಎರಡೇ, ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಆಟದಲ್ಲಿ ಕಳಪೆ ಅಂತಲ್ಲ, ಎರಡೂ ಇರುವುದು ಚಿಕ್ಕ ಊರುಗಳಲ್ಲಿ, ಟಿವಿ ಮನೆಗಳು ಕಡಿಮೆ. ಹೊರಟು ನಿಂತ ಹತ್ತು ಮಂದಿ ಕೂಟದ ಖಜಾನೆಯ ಮೇಲೂ ಕಣ್ಣಿಟ್ಟಿದ್ದರು. ಇವರಿಬ್ಬರು ಕೋರ್ಟಿಗೆ ಹೋಗಿ ಆಡಳಿತ ತಮ್ಮ ಕೈಯಲ್ಲೇ ಇರುವಂತೆ ಮಾಡಿಕೊಂಡರು. ಆಮೇಲೆ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್ ಮುಂತಾದವರನ್ನು ಕರೆದು 2026ಕ್ಕೆ ಕೂಟ ಮತ್ತೆ ಕಟ್ಟಲು ಹೊರಟರು. ಈ ನಡುವೆ ಆರೆಗನ್ ಸ್ಟೇಟ್ ಬೇಸ್‌ಬಾಲ್ ತಂಡ ಯಾವ ಕೂಟದಲ್ಲೂ ಇಲ್ಲದೆ ಒಂಟಿಯಾಗಿ ಆಡಿಕೊಂಡೇ 2025ರಲ್ಲಿ ರಾಷ್ಟ್ರೀಯ ಅಂತಿಮ ಸುತ್ತಿಗೆ, ಅಂದರೆ ಎಂಟೇ ತಂಡ ಉಳಿಯುವ ಹಂತಕ್ಕೆ ಹೋಯಿತು. ಇಡೀ ಗದ್ದಲದಲ್ಲಿ ನನಗೆ ತುಂಬಾ ಇಷ್ಟವಾದ ಸುದ್ದಿ ಇದೊಂದೇ.

ಪ್ರಶ್ನೆ: ಸದಸ್ಯರಾಗಿ ಸಹಿ ಹಾಕಿರ್ತಾರಲ್ಲ, ಬಿಟ್ಟು ಹೋಗುವಾಗ ದಂಡ, ಕೇಸು ಏನೂ ಇಲ್ವಾ?
– ಕಬ್ಬು ಬೆಳೆಗಾರರು, ಪಾಂಡವಪುರ

ಉತ್ತರ: ಇದೆ, ಚೆನ್ನಾಗಿಯೇ ಇದೆ. ಎರಡು ಥರ. ಒಂದು, ಬಿಟ್ಟು ಹೋಗುವ ಶುಲ್ಕ. ಟೆಕ್ಸಸ್ ಮತ್ತು ಓಕ್ಲಹೋಮ ಒಂದು ವರ್ಷ ಮುಂಚೆ ಹೊರಡಲು ಎರಡೂ ಸೇರಿ 10 ಕೋಟಿ ಡಾಲರ್ ಬಿಟ್ಟುಕೊಟ್ಟವು. ಇನ್ನೊಂದು, ಹಕ್ಕು ಒಪ್ಪಿಸುವ ಕರಾರು. ಅಸಲಿ ಬೀಗ ಅದು.

ನಿಮಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಗದ್ದೆಯನ್ನು ಇಷ್ಟು ವರ್ಷಕ್ಕೆ ಅಂತ ಭೋಗ್ಯಕ್ಕೆ ಹಾಕಿದ ಮೇಲೆ ನೀವು ಊರು ಬಿಟ್ಟು ಮೈಸೂರು ಸೇರಿದರೂ ಬೆಳೆ ಯಾರಿಗೆ? ಭೋಗ್ಯಕ್ಕೆ ಹಿಡಿದವರಿಗೆ. ಹಾಗೇ ಇಲ್ಲೂ ಯೂನಿವರ್ಸಿಟಿ ತನ್ನ ತವರು ಮೈದಾನದ ಪಂದ್ಯಗಳ ಟಿವಿ ಹಕ್ಕನ್ನು ಇಂಥ ವರ್ಷದವರೆಗೆ ಅಂತ ಕೂಟಕ್ಕೆ ಬರೆದುಕೊಟ್ಟಿರುತ್ತದೆ. ಬೇರೆ ಕೂಟಕ್ಕೆ ಹೋದರೂ ಆ ಪಂದ್ಯಗಳ ದುಡ್ಡು ಹಳೆ ಕೂಟಕ್ಕೇ. ಅಂಥ ಖಾಲಿ ಕೈಯವರನ್ನು ಯಾರು ಕರೆಯುತ್ತಾರೆ?

ಎಸಿಸಿ ಸದಸ್ಯರು ಹೀಗೆ ಬರೆದುಕೊಟ್ಟಿದ್ದು 2036ರವರೆಗೆ. ಸಹಿ ಹಾಕುವಾಗ ಭದ್ರ ಅನ್ನಿಸಿತ್ತು. ಆಮೇಲೆ ಬಿಗ್ ಟೆನ್, ಎಸ್‌ಇಸಿಯವರ ಪಾಲು ಏರಿದ್ದು ನೋಡಿ ಹೊಟ್ಟೆ ಉರಿಯಿತು. ಫ್ಲಾರಿಡಾ ಸ್ಟೇಟ್ 2023ರ ಡಿಸೆಂಬರ್‌ನಲ್ಲಿ, ಕ್ಲೆಮ್ಸನ್ 2024ರ ಮಾರ್ಚ್‌ನಲ್ಲಿ ತಮ್ಮದೇ ಕೂಟದ ಮೇಲೆ ಕೇಸು ಹಾಕಿದವು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಟಿವಿಯಲ್ಲಿ ಯಾರ ಪಂದ್ಯಕ್ಕೆ ಹೆಚ್ಚು ನೋಡುಗರೋ ಅವರಿಗೆ ಪಾಲು ಹೆಚ್ಚು. ಬಿಟ್ಟು ಹೋಗುವ ದಂಡ ವರ್ಷ ವರ್ಷ ಇಳಿದು 2030-31ರ ಹೊತ್ತಿಗೆ 7.5 ಕೋಟಿ ಡಾಲರಿಗೆ ನಿಲ್ಲುತ್ತದೆ, ಅದು ಕಟ್ಟಿದರೆ ಹಕ್ಕೂ ಜೊತೆಗೆ ಬರುತ್ತದೆ. ಆ ವರ್ಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪ್ರಶ್ನೆ: ಯಾವ ಕೂಟಕ್ಕೂ ಸೇರದೆ ಒಬ್ಬರೇ ಇರೋಕೆ ಆಗಲ್ವಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಆಗುತ್ತದೆ, ನಾಟರ್ ಡೇಮ್ ಆಗಿದ್ದರೆ. ಅವರ ಫುಟ್‌ಬಾಲ್ ತಂಡ ಇವತ್ತಿಗೂ ಸ್ವತಂತ್ರ, 1991ರಿಂದ ತವರಿನ ಪಂದ್ಯಗಳನ್ನು ಎನ್‌ಬಿಸಿಗೆ ಒಂಟಿಯಾಗಿ ಮಾರಿಕೊಳ್ಳುತ್ತಿದೆ. ದೇಶದ ತುಂಬ ಅಭಿಮಾನಿಗಳಿರುವ ಕ್ಯಾಥಲಿಕ್ ಯೂನಿವರ್ಸಿಟಿ ಅದು. ಉಳಿದವರಿಗೆ ಆ ಭಾಗ್ಯ ಇಲ್ಲ.

ಪ್ರಶ್ನೆ: ನಾನು ಕಾಲೇಜು ವಾಲಿಬಾಲ್ ತಂಡದಲ್ಲಿದ್ದೇನೆ. ಬೆಂಗಳೂರಿಗೆ ಹೋಗಿ ಆಡಿ ಬಂದರೇ ಮರುದಿನ ಕ್ಲಾಸಿಗೆ ಕಣ್ಣು ಬಿಡೋಕಾಗಲ್ಲ. ಅಲ್ಲಿ ಫುಟ್‌ಬಾಲ್ ಬಿಟ್ಟು ಬೇರೆ ಆಟದವರ ಗತಿ ಏನು?
– ಬಿ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಂದ ಪತ್ರಗಳಲ್ಲೇ ಒಳ್ಳೆ ಪ್ರಶ್ನೆ ನಿಮ್ಮದು. ಫುಟ್‌ಬಾಲ್ ತಂಡ ಸೀಸನ್ನಿಗೆ ಆಡುವುದು ಸಾಮಾನ್ಯವಾಗಿ 12 ಪಂದ್ಯ, ಹೊರ ಊರಿಗೆ ಐದಾರು ಪ್ರಯಾಣ, ಅದೂ ಬಾಡಿಗೆ ವಿಮಾನದಲ್ಲಿ, ಶನಿವಾರ. ವಾಲಿಬಾಲ್, ಸಾಫ್ಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನವರದು ಹಾಗಲ್ಲ. ಪಂದ್ಯ ಹೆಚ್ಚು, ವಾರದ ಮಧ್ಯದಲ್ಲೂ ಇರುತ್ತದೆ. ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಗೆ ಸುಮಾರು 4 ಸಾವಿರ ಕಿಲೋಮೀಟರ್, ಗಡಿಯಾರದಲ್ಲಿ 3 ಗಂಟೆ ವ್ಯತ್ಯಾಸ. ನೀವು ಮೈಸೂರಿನಿಂದ ದಿಲ್ಲಿಗೆ ಹೋಗಿ ಅಲ್ಲಿಂದ ಇನ್ನೂ ಮುಂದೆ ಹೋಗಬೇಕು ಅಷ್ಟು ದೂರಕ್ಕೆ, ಅದೂ ‘ಲೀಗ್ ಪಂದ್ಯ’ಕ್ಕೆ. ಅವರಿಗೂ ಪರೀಕ್ಷೆ, ಲ್ಯಾಬು, ಅಸೈನ್‌ಮೆಂಟು ಎಲ್ಲಾ ಇದೆ. ಅವರ ಆಟಕ್ಕೆ ಟಿವಿಯವರು ಆ ದುಡ್ಡು ಕೊಟ್ಟಿದ್ದೂ ಅಲ್ಲ, ಕೂಟ ಬದಲಿಸೋಣವಾ ಅಂತ ಅವರನ್ನು ಯಾರೂ ಕೇಳಿದ್ದೂ ಇಲ್ಲ.

ದುಡ್ಡು ಬಂದರೆ ಎಲ್ಲಾ ಆಟಕ್ಕೂ ಹಂಚುತ್ತಾರಲ್ಲ ಅಂತ ವಾದ ಮಾಡುವವರಿದ್ದಾರೆ. ಅರ್ಧ ನಿಜ. ಫುಟ್‌ಬಾಲ್ ದುಡ್ಡಿನಲ್ಲೇ ಈಜು, ಜಿಮ್ನಾಸ್ಟಿಕ್ಸ್ ನಡೆಯುವ ಕಾಲೇಜುಗಳು ಬಹಳ. ಆದರೆ ಈಗ ಆ ದುಡ್ಡಿಗೆ ಇನ್ನೊಬ್ಬ ಪಾಲುದಾರ ಬಂದಿದ್ದಾನೆ, ಆಟಗಾರ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಯೂನಿವರ್ಸಿಟಿಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, 2025-26ಕ್ಕೆ ಒಂದೊಂದಕ್ಕೆ ಮಿತಿ 2.05 ಕೋಟಿ ಡಾಲರ್. ಇದು ನ್ಯಾಯವೇ. ಇಷ್ಟು ವರ್ಷ ಅವರ ಬೆವರಿನ ಮೇಲೆ ಕೋಚ್‌ಗಳು, ಕೂಟ ನಡೆಸುವ ಕಮಿಷನರ್‌ಗಳು ಶ್ರೀಮಂತರಾದರು. ಆದರೆ ಅದರಲ್ಲಿ ಹೆಚ್ಚಿನ ಭಾಗ ಹೋಗುವುದು ಫುಟ್‌ಬಾಲ್, ಪುರುಷರ ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ. ಹಾಗಾದಾಗ ಕತ್ತರಿ ಮೊದಲು ಬೀಳುವುದು ಸಣ್ಣ ಆಟಗಳಿಗೆ.

ಒಂದು ಸಣ್ಣ ವಿಶೇಷ. ಯುಸಿಎಲ್ಎ ಮತ್ತು ಬರ್ಕ್‌ಲಿಯ ಕ್ಯಾಲ್ ಎರಡೂ ಒಂದೇ ಸರ್ಕಾರಿ ವಿವಿ ವ್ಯವಸ್ಥೆಯವು. ತಮ್ಮ ಓಡಿಹೋಗಿ ಅಣ್ಣನಿಗೆ ನಷ್ಟ ಮಾಡಿದ್ದಕ್ಕೆ, ಯುಸಿಎಲ್ಎ ವರ್ಷಕ್ಕೆ 1 ಕೋಟಿ ಡಾಲರ್ ಕ್ಯಾಲ್‌ಗೆ ಕೊಡಬೇಕು ಅಂತ 2024ರಲ್ಲಿ ಆಡಳಿತ ಮಂಡಳಿ ಹೇಳಿತು. ಜನ ಅದನ್ನು ಜೀವನಾಂಶ ಅಂತ ಗೇಲಿ ಮಾಡುತ್ತಾರೆ.

ಪ್ರಶ್ನೆ: ನಮ್ಮಲ್ಲೂ ಹೀಗೆ ಆಗಬಹುದಾ? ಮೈಸೂರು ವಿವಿ ಮ್ಯಾಚ್ ಟಿವಿಯಲ್ಲಿ ಬಂದು, ನಮ್ಮ ಕಾಲೇಜುಗಳಿಗೂ ದುಡ್ಡು ಬಂದ್ರೆ ಒಳ್ಳೇದಲ್ವಾ?
– ಹಳೆಯ ಕಬಡ್ಡಿ ಆಟಗಾರ, ಮಂಡ್ಯ

ಉತ್ತರ: ಬಂದರೆ ಒಳ್ಳೇದೇ, ಆದರೆ ಸದ್ಯಕ್ಕೆ ಬರಲ್ಲ. ಅಮೆರಿಕದಲ್ಲಿ ಎನ್‌ಎಫ್‌ಎಲ್ ಸೇರಬೇಕಾದರೆ ಹೈಸ್ಕೂಲ್ ಮುಗಿಸಿ 3 ವರ್ಷ ಆಗಿರಬೇಕು. ಆ ಮೂರು ವರ್ಷ ಹುಡುಗ ಎಲ್ಲಿ ಆಡುತ್ತಾನೆ? ಕಾಲೇಜಿನಲ್ಲಿ. ನಾಳಿನ ಸ್ಟಾರ್‌ಗಳೆಲ್ಲ ಅಲ್ಲೇ ಇರುತ್ತಾರೆ, ಜನ ನೋಡುತ್ತಾರೆ. ನಮ್ಮಲ್ಲಿ ದಾರಿಯೇ ಬೇರೆ. ಕ್ರಿಕೆಟ್ ಹುಡುಗ ಕ್ಲಬ್, ವಲಯ, ರಾಜ್ಯ ಸಂಸ್ಥೆ ಅಂತ ಏರಿಹೋಗುತ್ತಾನೆ, ಮೈಸೂರಿನ ಹುಡುಗನಾದರೆ ಮಹಾರಾಜ ಟ್ರೋಫಿಯಲ್ಲಿ ಕಣ್ಣಿಗೆ ಬಿದ್ದು ಮುಂದೆ ಹೋಗುತ್ತಾನೆ. ವೈಭವ್ ಸೂರ್ಯವಂಶಿ 2025ರಲ್ಲಿ ಐಪಿಎಲ್ ಆಡಿದಾಗ ಅವನಿಗೆ 14 ವರ್ಷ, ಕಾಲೇಜು ಮೆಟ್ಟಿಲು ಹತ್ತುವ ವಯಸ್ಸೇ ಅಲ್ಲ. ಖೇಲೊ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು, ನಿಮ್ಮ ಬೀದಿಯಲ್ಲಿ ಎಷ್ಟು ಜನ ನೋಡಿದರು ಹೇಳಿ?

ಇನ್ನೊಂದು ಮಾತು. ದುಡ್ಡು ಬಂದ ಕಡೆ ಹಳೆಯ ಜೋಡಿ ಪಂದ್ಯಗಳು ಸತ್ತುಹೋದವು. ಟೆಕ್ಸಸ್ ಮತ್ತು ಟೆಕ್ಸಸ್ ಎ ಆಂಡ್ ಎಂ ಬದ್ಧ ವೈರಿಗಳು, 2011ರ ನಂತರ 2024ರವರೆಗೆ ಫುಟ್‌ಬಾಲ್‌ನಲ್ಲಿ ಎದುರಾಗಲೇ ಇಲ್ಲ. ಓಕ್ಲಹೋಮ, ಓಕ್ಲಹೋಮ ಸ್ಟೇಟ್ ನಡುವೆ ಹೆಚ್ಚುಕಮ್ಮಿ ಮೈಸೂರು–ಬೆಂಗಳೂರಿನಷ್ಟೇ ದೂರ, ನೂರು ವರ್ಷಕ್ಕೂ ಹೆಚ್ಚು ಕಾಲ ಆಡಿಕೊಂಡು ಬಂದವರು, 2023ಕ್ಕೆ ನಿಲ್ಲಿಸಿದರು. ನಮ್ಮಲ್ಲಿ ಮೈಸೂರು ವಿವಿಯ ಕೆಳಗಿದ್ದ ಮಂಡ್ಯ, ಹಾಸನ, ಚಾಮರಾಜನಗರದ ಹಲವು ಕಾಲೇಜುಗಳು ಹೊಸ ವಿವಿಗಳಿಗೆ ಹಂಚಿಹೋದಾಗ ಹಳೆಯ ಆಟಗಾರರು ಬೇಜಾರು ಮಾಡಿಕೊಂಡಿದ್ದನ್ನು ಕೇಳಿದ್ದೇನೆ. ಅದು ದುಡ್ಡಿಗಾಗಿ ಆದದ್ದಲ್ಲ, ಆದರೂ ಮಹಾರಾಜ ಕಾಲೇಜು ಮೈದಾನದಲ್ಲಿ ಮಂಡ್ಯದವರನ್ನು ಸೋಲಿಸುವ ಖುಷಿ ಬೇರೆಯೇ ಇತ್ತಲ್ವಾ.

ಪ್ರಶ್ನೆ: ಮುಂದಿನ ಗುಳೆ ಯಾವಾಗ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ಯಾರು ಗೆಲ್ಲುತ್ತಿದ್ದಾರೆ, ಯಾರು ಸೋಲುತ್ತಿದ್ದಾರೆ ಅಂತ ನೋಡಬೇಡಿ. ಕರಾರು ಮುಗಿಯುವ ತಾರೀಕು ನೋಡಿ. ಪ್ಯಾಕ್-12ರದ್ದು ಮುಗಿದಿದ್ದು 2024, ಹನ್ನೆರಡರಲ್ಲಿ ಹತ್ತು ಮಂದಿ ಹೊರಟಿದ್ದೂ 2024. ಈಗ ಬಿಗ್ ಟೆನ್ ಒಪ್ಪಂದ ಮುಗಿಯುವುದು 2030ರಲ್ಲಿ. ಬಿಗ್ 12ರದ್ದು 2031. ಎಸಿಸಿ ದಂಡ ತಳ ಮುಟ್ಟುವುದು 2030-31. ಪ್ಲೇಆಫ್ ಹಕ್ಕು 2031-32. ಎಲ್ಲಾ ಎರಡು ವರ್ಷದ ಒಳಗೆ ಬಂದು ಕೂತಿವೆ, ಇದು ಕಾಕತಾಳೀಯ ಅಂತ ನಾನಂತೂ ನಂಬಲ್ಲ. ಎಸ್‌ಇಸಿ ಮಾತ್ರ 2034ರವರೆಗೆ ಇಎಸ್‌ಪಿಎನ್ ಜೊತೆ ಆರಾಮಾಗಿದೆ, ಅದು ಕರೆಯುವ ಕಡೆಯವರು, ಹೊರಡುವವರಲ್ಲ. ನನ್ನ ಅಂದಾಜು, 2029ರ ಬೇಸಿಗೆಯಿಂದಲೇ ಪಿಸುಮಾತು ಶುರುವಾಗುತ್ತದೆ.

ಆದರೆ ಆ ಹೊತ್ತಿಗೆ ಕೇಬಲ್ ಮನೆಗಳ ಲೆಕ್ಕ ನಡೆಯಲ್ಲ. 2011ರ ಸುಮಾರಿಗೆ ಇಎಸ್‌ಪಿಎನ್ ಹತ್ತು ಕೋಟಿ ಮನೆಗಳಲ್ಲಿತ್ತು, ಆಮೇಲೆ ಜನ ಕೇಬಲ್ ಕಿತ್ತುಹಾಕುತ್ತಲೇ ಬಂದಿದ್ದಾರೆ. ಸ್ಟ್ರೀಮಿಂಗ್‌ನಲ್ಲಿ ನೋಡದವನು ದುಡ್ಡು ಕಟ್ಟಲ್ಲ. ಹಾಗಾಗಿ ರಟ್‌ಗರ್ಸ್ ಥರ ‘ದೊಡ್ಡ ಊರಿನ ಪಕ್ಕ ಇದ್ದೀನಿ’ ಅನ್ನುವವರಿಗೆ ಬೆಲೆ ಕಡಿಮೆಯಾಗಿ, ನಿಜವಾಗಿ ಅಭಿಮಾನಿಗಳಿರುವವರಿಗೆ ಬೆಲೆ ಏರುತ್ತದೆ.

ಪ್ರಶ್ನೆ: ದಸರಾ ಮುಗಿಸಿಕೊಂಡು ಮಗಳ ಮನೆಗೆ ಹೋಗ್ತಿದ್ದೇವೆ, ನ್ಯೂಜೆರ್ಸಿಯ ಎಡಿಸನ್. ಇಷ್ಟೆಲ್ಲ ಹೇಳ್ತೀರಲ್ಲ, ಒಂದು ಪಂದ್ಯ ನೋಡಿಕೊಂಡು ಬರೋಣ ಅಂತ. ಏನು ಮಾಡಬೇಕು?
– ದಂಪತಿ, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ನೋಡಿ. ನಾನು ಈಗಷ್ಟೇ ಹೀಗಳೆದ ರಟ್‌ಗರ್ಸ್ ನಿಮ್ಮ ಮಗಳ ಮನೆ ಪಕ್ಕದಲ್ಲೇ ಇದೆ, ಸ್ಟೇಡಿಯಂ ಇರುವುದು ಪಿಸ್ಕಾಟವೇ ಅನ್ನುವ ಊರಿನಲ್ಲಿ. ದಿನಾಂಕ ಮೊದಲೇ ಗೊತ್ತಿರುತ್ತದೆ, ಹೆಚ್ಚಾಗಿ ಶನಿವಾರವೇ. ಗಂಟೆ ಮಾತ್ರ ಗೊತ್ತಿರಲ್ಲ. ಪಂದ್ಯ ಮಧ್ಯಾಹ್ನ 12ಕ್ಕಾ, ಮೂರೂವರೆಗಾ, ರಾತ್ರಿಗಾ ಅಂತ ಹೇಳುವವರು ಟಿವಿಯವರು, ಅದೂ ಬಹಳ ಪಂದ್ಯಗಳಿಗೆ 12 ದಿನ ಮುಂಚೆ, ಕೆಲವು ಸಲ ಬರೀ 6 ದಿನ ಮುಂಚೆ. ಆದ್ದರಿಂದ ಅವತ್ತು ಸಂಜೆ ಯಾರ ಮನೆಗೂ ಊಟಕ್ಕೆ ಬರ್ತೀವಿ ಅಂತ ಒಪ್ಪಿಕೊಳ್ಳಬೇಡಿ. ದೊಡ್ಡ ವ್ಯಾನಿಟಿ ಬ್ಯಾಗ್ ಒಳಗೆ ಬಿಡಲ್ಲ, ಪಾರದರ್ಶಕ ಚೀಲ ಬೇಕು, ಮಗಳಿಗೆ ಹೇಳಿದರೆ ತಂದಿಡುತ್ತಾಳೆ. ರಾತ್ರಿ ಪಂದ್ಯವಾದರೆ ಅಕ್ಟೋಬರ್ ಚಳಿಗೆ ಸ್ವೆಟರ್ ಸಾಲಲ್ಲ, ಜಾಕೆಟ್ ಇಟ್ಟುಕೊಳ್ಳಿ. ಆಟ ಪದೇ ಪದೇ ನಿಂತುಬಿಡುತ್ತದೆ, ಏನೋ ಗಾಯವಾಯಿತು ಅಂದುಕೊಳ್ಳಬೇಡಿ. ಮನೆಯಲ್ಲಿ ಕೂತವರಿಗೆ ಜಾಹೀರಾತು ನಡೀತಿರುತ್ತದೆ.